ಇಲ್ಲದ ತುಕ್ಕು

ನಿಂಗೇಗೌಡರೇ, ಯಾದವಗಿರಿಯ ಆ ಬಂಗಲೆಯ ಟೆಲಿಫೋನ್ ಲೈನು ಗರಗರ ಎನ್ನುತ್ತಿತ್ತಲ್ಲ, ಆ ದೋಷವಿದ್ದದ್ದು ನಿಮ್ಮ ಕಂಬಗಳಲ್ಲಲ್ಲ. ಎಕ್ಸ್‌ಚೇಂಜಿನ ಒಳಗೆ, ನಾನು ಹಾಕಿದ ಬೆಸುಗೆಯಲ್ಲಿ. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಮೂರು ದಿನ ಬಿಸಿಲಿನಲ್ಲಿ ಕಂಬ ಹತ್ತಿಸಿದೆ.

ನೆವ ಹೇಳುವುದಿಲ್ಲ. ನನಗೆ ಹಸಿವಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ — ನಾನು ಲೈನು ಪರೀಕ್ಷಿಸುವ ಮೇಜಿನಲ್ಲಿ ಕೂರುತ್ತಿದ್ದ, ಇಸ್ತ್ರಿ ಷರಟಿನ ಮನುಷ್ಯ; ನೀವು ಕಂಬ ಹತ್ತುವ ಲೈನ್‌ಮನ್. ಹಿಂದಿನ ವಾರವಷ್ಟೇ ಸಾಹೇಬರು ನನ್ನ ಬೆಸುಗೆಯನ್ನು ಎಲ್ಲರೆದುರು ಹೊಗಳಿದ್ದರು. ಅದು ತಲೆಗೇರಿತ್ತು. ಅಷ್ಟೇ ಕಾರಣ — ಎಂಥ ಕ್ಷುಲ್ಲಕ, ಅಲ್ಲವೇ?

ಮೀಟರಿಗೆ ಹೊರಗಿನ ತಂತಿ ಕೊಟ್ಟು ನೋಡಿದೆ, ಮುಳ್ಳು ಅಲುಗಲಿಲ್ಲ. ಒಳಗಿನ ತಂತಿ ಕೊಟ್ಟೆ — ನಡುಗಿತು, ದೋಷ ಅಲ್ಲೇ. ಬೆಸುಗೆ ಮೇಲೆ ಹೊಳೆಯುತ್ತಿತ್ತು, ಒಳಗೆ ಹಿಡಿದೇ ಇರಲಿಲ್ಲ. ಆದರೂ ದೂರಿನ ಚೀಟಿಯ ಮೇಲೆ ‘ದೋಷ ಹೊರಗೆ’ ಎಂದು ಬರೆದು ನಿಮ್ಮ ಕೈಗಿತ್ತೆ. ನೀವು ಒಂಟಿಕೊಪ್ಪಲಿನಿಂದ ಯಾದವಗಿರಿಯವರೆಗೆ ಒಂದೊಂದೇ ಜೋಡಣೆ ಬಿಚ್ಚಿ ಕಟ್ಟಿದಿರಿ. ಪ್ರತಿ ಕಂಬದಿಂದಲೂ ಪರೀಕ್ಷೆಯ ಫೋನನ್ನು ತಂತಿಗೆ ಸಿಕ್ಕಿಸಿ ನನ್ನನ್ನು ಕರೆದು ಇಲ್ಲಿ ಸರಿಯಾಗಿದೆ ಎಂದಿರಿ. ಮುಂದೆ ನೋಡು, ಮುಂದೆ ನೋಡು ಎನ್ನುತ್ತಲೇ ಇದ್ದೆ — ಆಗ ನಿಮಗೆ ಬಹುವಚನ ಕೊಡುವ ಸೌಜನ್ಯವೂ ನನಗಿರಲಿಲ್ಲ.

ಮೂರನೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಬೆಸುಗೆಯನ್ನು ಹೊಸದಾಗಿ ಹಾಕಿದೆ. ಲೈನಿನ ಗರಗರ ನಿಂತಿತು. ಇನ್ನು ಚೀಟಿ ಮುಗಿಸಬೇಕಿತ್ತು. ಕಾರಣ ಬರೆಯದ ಚೀಟಿಯನ್ನು ಕಚೇರಿ ಒಪ್ಪುತ್ತಿರಲಿಲ್ಲ. ಕಾರಣ ಸಿಗದಿದ್ದರೆ ಯಾವುದೋ ಕಂಬದ ನಂಬರು ಹಾಕಿ ‘ತುಕ್ಕು, ಸರಿಪಡಿಸಿದೆ’ ಎಂದು ಗೀಚಿಬಿಡುವುದು ಲೈನ್‌ಮನ್‌ಗಳ ರೂಢಿ. ನೀವೂ ಗೀಚುತ್ತೀರಿ ಎಂದುಕೊಂಡಿದ್ದೆ. ನೀವು ಕಾರಣದ ಜಾಗ ಖಾಲಿ ಬಿಟ್ಟ ಚೀಟಿಯನ್ನು ಸಾಹೇಬರ ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿ ಹೇಳಿದಿರಿ:

“ಇಲ್ದಿರೋ ತುಕ್ಕನ್ನ ಇತ್ತು ಅಂತ ಎಂಗೆ ಬರೀಲಿ ಸ್ವಾಮಿ? ನನ್ ತಂತೀಲಿ ಏನೂ ಇರ್ನಿಲ್ಲ. ಒಳಗಡೆ ಒಂದ್ಸಲ ನೋಡ್ಬುಡಿ.”

“ನೋಡಿಯಾಗಿದೆ. ಒಳಗೆ ಏನೂ ಇಲ್ಲ,” ಎಂದೆ.

ಸಾಹೇಬರು ನನ್ನನ್ನು ನಂಬಿದರು. ದೋಷ ಹುಡುಕಲಾರದವನು, ಮೇಲಾಗಿ ಮೊಂಡ ಎಂದು ನಿಮ್ಮ ಫೈಲಿನಲ್ಲಿ ಬರೆದರು. ಆ ವರ್ಷ ಖಾಯಂ ಆಗಬೇಕಿದ್ದ ನಿಮ್ಮ ಕೆಲಸ ಇನ್ನೂ ನಾಲ್ಕು ವರ್ಷ ಹಂಗಾಮಿಯಾಗಿಯೇ ಉಳಿಯಿತು. ಕಚೇರಿಯವರು ನಿಮಗೆ ‘ತುಕ್ಕುಗೌಡ’ ಎಂದು ಹೆಸರಿಟ್ಟು ನಕ್ಕರು. ನಾನೂ ನಕ್ಕೆ. ನಿವೃತ್ತರಾದವರು ಸೇರುವ ಕೂಟದಲ್ಲಿ ಹೋದ ವರ್ಷವೂ ಯಾರೋ ಆ ಕಥೆ ತೆಗೆದರು, ಆಗಲೂ — ಥೂ, ನನ್ನ ಬಾಳಿಗಿಷ್ಟು!

ಮೊನ್ನೆ ಹಳೆಯ ಸಹೋದ್ಯೋಗಿಗಳಿಬ್ಬರಿಗೆ ನಿಜ ಹೇಳಿದೆ. ಪಿಂಚಣಿ ತಿನ್ನೋ ಕಾಲದಲ್ಲಿ ಇದೆಲ್ಲ ಯಾಕೆ ಸಾರ್, ಆಫೀಸಿನ ಮರ್ಯಾದೆ ಏನಾಗಬೇಕು ಎಂದರು. ಯಾರ ಮರ್ಯಾದೆ? ಸುಳ್ಳು ಬರೆಯಲೊಲ್ಲೆ ಎಂದ ಒಬ್ಬನೇ ಒಬ್ಬನ ಮರ್ಯಾದೆ ತೆಗೆದಾಗ ಇವರೆಲ್ಲ ಎಲ್ಲಿದ್ದರು? ನಾನಂತೂ — ಇರಲಿ, ನನ್ನ ಮಾತು ಬೇರೆ.

ಬರುವ ಭಾನುವಾರ ಚಾಮರಾಜಪುರಂನಲ್ಲಿ ಕೂಟವಿದೆ. ಈ ಕಾಗದವನ್ನು ಅಲ್ಲಿ ನಿಂತು, ನನ್ನ ಹೆಸರು ಹೇಳಿ, ಓದುತ್ತೇನೆ. ಕೂರಿಸಲು ನೋಡಿದರೆ ಕೂರುವವನಲ್ಲ. ಮೈಕು ಕಿತ್ತುಕೊಂಡರೆ ಗಂಟಲಿದೆ. ನೀವು ಬರಲೇಬೇಕೆಂದಿಲ್ಲ. ಬಂದರೂ ಕ್ಷಮಿಸಬೇಕೆಂದಿಲ್ಲ. ನಿಮ್ಮ ನಾಲ್ಕು ವರ್ಷಗಳನ್ನು ನಾನು ತಿಂದೆ, ಗೌಡರೇ. ಅವನ್ನು ಹಿಂದಕ್ಕೆ ಕೊಡುವ ದಾರಿ ನನ್ನ ಹತ್ತಿರ ಇಲ್ಲ.