ಅಜ್ಜ ಹುಡುಕಿದ ಒಂದು ಮೈನ್

"ನಿಮ್ಮ ಕೆರಿಯರ್‌ನ ಪ್ರೌಡೆಸ್ಟ್ ಮೊಮೆಂಟ್ ಯಾವುದು ಅಜ್ಜ?" ಅಂತ ಕೇಳಿದ ಕೂಡಲೇ ಅವರು ಎದ್ದು ಅಡುಗೆಮನೆ ಕಡೆ ಹೊರಟುಬಿಟ್ಟರು.

ಏನಾದರೂ ತಪ್ಪು ಕೇಳಿದೆನಾ...

ನಾನು ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಾಲೇಜಿನ ಫಸ್ಟ್ ಇಯರ್. ಸೇನೆಯಲ್ಲಿದ್ದ ಒಬ್ಬರನ್ನು ಇಂಟರ್‌ವ್ಯೂ ಮಾಡಿ ಕ್ಲಾಸಿನಲ್ಲಿ ಪ್ರೆಸೆಂಟ್ ಮಾಡಬೇಕು ಅನ್ನೋದು ಅಸೈನ್‌ಮೆಂಟ್. ಪ್ರೊಫೆಸರ್ ಹದಿನೈದು ಪ್ರಶ್ನೆಗಳ ಶೀಟ್ ಕೊಟ್ಟಿದ್ದರು.

ಆರನೇ ಕ್ಲಾಸಿನಿಂದ ಮೈಸೂರಿನ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಬೆಲ್ ಹೊಡೆದರೆ ಏಳುವುದು, ಶೀಟ್ ಕೊಟ್ಟರೆ ಅದರಲ್ಲಿದ್ದಷ್ಟನ್ನು ಮಾಡುವುದು. ಅದರಾಚೆ ಏನು ಮಾಡಬೇಕಾದರೂ ಇನ್ನೊಬ್ಬರನ್ನು ಕೇಳುತ್ತೇನೆ.

ಕ್ಲಾಸಿನವರಿಗೆಲ್ಲ ಮನೆಯಲ್ಲೇ ಒಬ್ಬ ಸೈನಿಕರಿದ್ದರು. ನನಗೆ ಯಾರೂ ಇರಲಿಲ್ಲ. ಕೊನೆಗೆ ದೇವಸ್ಥಾನದ ಊಟದ ಕ್ಯೂನಲ್ಲಿ ಪರಿಚಯವಾದ ಬೆಳಗಾವಿಯ ಸುಜಾತಾ ಆಂಟಿ, "ನಮ್ಮಪ್ಪ ಇಂಡಿಯನ್ ಆರ್ಮಿಯೊಳಗ ಸುಬೇದಾರ್ ಇದ್ರು, ನಡೀತೈತೇನು?" ಅಂದರು. ಹಾಗೆ ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನ ಅವರ ಮನೆಗೆ ಹೋಗಿದ್ದೆ.

ಅಡುಗೆಮನೆಯಿಂದ ಅಜ್ಜ ವಾಪಸ್ ಬಂದಾಗ ಕೈಯಲ್ಲಿ ಗ್ರಿಲ್ ಮಾಡುವ ಉದ್ದನೆಯ ಕಬ್ಬಿಣದ ಕಡ್ಡಿ ಇತ್ತು.

"ಬಾ ತಂಗಿ, ಹಿತ್ತಲಕ್ಕ."

ಎಪ್ಪತ್ತು ದಾಟಿದ ಮನುಷ್ಯ ಬ್ಯಾಕ್‌ಯಾರ್ಡಿನ ಹುಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗೇಬಿಟ್ಟರು! ಒಳಗಿನಿಂದ ಆಂಟಿ ಕೂಗಿದರು, "ಅಪ್ಪಾ, ಅಲ್ಲೆ ಕೆಂಪು ಇರುವಿ ಅದಾವ! ಇಲ್ಲಿನ ಇರುವಿ ನಮ್ಮೂರಿನ್ವು ಇದ್ದಂಗಲ್ಲ!"

"ಇರುವಿಗೆ ಅಂಜಿದ್ರ ನಿನ್ನ ಲಗ್ನಾ ಹೆಂಗ ಮಾಡ್ತಿದ್ದೆ ನಾನು, ಸುಮ್ನಿರು."

ಕಡ್ಡಿಯನ್ನು ಓರೆಯಾಗಿ ಹಿಡಿದು, ಮೆಲ್ಲಗೆ ಮಣ್ಣಿಗೆ ಚುಚ್ಚಿದರು. ನೇರ ಚುಚ್ಚಿದರೆ ನೆಲದೊಳಗಿನ ಮೈನ್‌ನ ತಲೆಗೇ ತಾಗುತ್ತದಂತೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗುತ್ತದೆ, ಮನುಷ್ಯ ಉಳಿಯುತ್ತಾನೆ. ಒಂದು ಬೆರಳಿನಷ್ಟು ಮುಂದೆ ಸರಿಯುವುದು, ಮತ್ತೆ ಚುಚ್ಚುವುದು.

ಇದೇ ಅವರ ಕೆಲಸವಾಗಿತ್ತು. ನೆಲದಲ್ಲಿ ಬಾಂಬು ಹುಗಿಯುವುದು, ಆಮೇಲೆ ಅದನ್ನು ತೆಗೆಯುವುದು.

ಗಡಿಯಲ್ಲಿ ಇನ್ನೇನು ಯುದ್ಧ ಶುರುವಾಗುತ್ತದೆ ಅನ್ನುವಂತಿದ್ದ ಒಂದು ವರ್ಷ, ಪಂಜಾಬಿನ ರೈತರ ಹೊಲಗಳಲ್ಲಿ ಇವರ ತಂಡ ಮೈನ್ ಹುಗಿದಿತ್ತು. ಯುದ್ಧ ಆಗಲಿಲ್ಲ. ಎಲ್ಲವನ್ನೂ ತೆಗೆದು ಹೊಲ ಬಿಟ್ಟುಕೊಡಿ ಅಂತ ಆರ್ಡರ್ ಬಂತು. ಪ್ರತಿಯೊಂದು ಮೈನ್ ಎಲ್ಲಿದೆ ಅಂತ ರಿಜಿಸ್ಟರ್‌ನಲ್ಲಿ ಬರೆದಿರುತ್ತದೆ. ಹುಗಿದಷ್ಟೂ ಸಿಗಬೇಕು.

ಒಂದು ಹೊಲದಲ್ಲಿ ಒಂದು ಕಡಿಮೆ ಬಂತು.

ಅದು ಒಬ್ಬ ಮುದುಕಿಯ ಹೊಲ. ಆಕೆಯ ಎಮ್ಮೆಯೊಂದು ಅಲ್ಲಿ ಮೈನ್ ಮೇಲೆ ಕಾಲಿಟ್ಟು ಆಗಲೇ ಸತ್ತಿತ್ತು; ಆ ಮೈನ್ ಬಿಟ್ಟು ಇನ್ನೊಂದು ಸಿಗಬೇಕಿತ್ತು. ಆಕೆ ದಿನವೂ ಬದುವಿನ ಆಚೆ ಬಂದು ಕೂರುತ್ತಿದ್ದರಂತೆ. ಸುಮ್ಮನೆ ನೋಡುವುದು.

"ಹುಗದಾಂವಾ ನಾನ. ನನ್ನ ಕೈಯಾಗಿಂದ ಅದು. ಬಿಟ್ಟು ಹೆಂಗ ಹೋಗ್ಲಿ?"

ಮೂರು ದಿನ ಹೊಟ್ಟೆಯ ಮೇಲೆ ತೆವಳುತ್ತಾ ಹುಡುಕಿದರು. ನಾಲ್ಕನೇ ದಿನ ಬೆಳಿಗ್ಗೆ ಸಿಕ್ಕಿತು, ಬರೆದಿಟ್ಟ ಜಾಗದಿಂದ ಎಷ್ಟೋ ದೂರದಲ್ಲಿ. ಮಳೆನೀರು ಅದನ್ನು ಬದುವಿನ ಬುಡಕ್ಕೆ ತಳ್ಳಿತ್ತು. ಮುದುಕಿ ದಿನಾ ಕೂರುತ್ತಿದ್ದ ಜಾಗದಿಂದ ಒಂದು ಮಾರು ಅಷ್ಟೇ.

ಸಿಕ್ಕಾಗ ಏನನ್ನಿಸಿತು ಅಂತ ಕೇಳಿದೆ. (ಇದು ಶೀಟ್‌ನಲ್ಲಿ ಇರಲಿಲ್ಲ!)

"ಹಸಿವಾತು. ಮೂರು ದಿನಾ ಹಸಿವ ಆಗಿರ್ಲಿಲ್ಲ ನೋಡು."

ಹೊಲ ಬಿಟ್ಟುಕೊಡುವ ದಿನ ಒಂದು ಪದ್ಧತಿ ಇತ್ತಂತೆ. ಮೈನ್ ತೆಗೆದವರೇ ಮೊದಲು ಹೊಲದಲ್ಲಿ ನಡೆದು ತೋರಿಸಬೇಕು. ಅಜ್ಜ ನಡೆದರು. ಊರಿನವರು ಯಾರೂ ಹಿಂದೆ ಬರಲಿಲ್ಲ. ಆ ಮುದುಕಿ ಮಾತ್ರ ಬಂದರು, ಅಜ್ಜನ ಹೆಜ್ಜೆ ಮೂಡಿದ ಕಡೆಯೇ ಹೆಜ್ಜೆ ಇಡುತ್ತಾ, ಒಂದಿಷ್ಟೂ ಆಚೀಚೆ ಆಗದಂತೆ.

"ಅರ್ಧ ಹೊಲಾ ಹಂಗ ಬಂದ್ಲು. ಆಮ್ಯಾಲೆ ನನ್ನ ಹೆಜ್ಜಿ ಬಿಟ್ಟು, ತನ್ನ ಪಾಡಿಗೆ ಆ ಕಡೆ ತಿರುಗಿ ನಡೆದ್ಲು ತಂಗಿ. ತನ್ನ ಹೊಲದಾಗ ತಾನು."

ಅಜ್ಜ ಅಷ್ಟು ಹೇಳಿ ಅಂಗಿಯ ಹುಲ್ಲು ಕೊಡವಿಕೊಂಡರು. "ಅದಽ ನೀ ಕೇಳಿದ್ದು. ಬರಕೋ."

ನನ್ನ ಪೆನ್ ಓಡಲೇ ಇಲ್ಲ. ಮಣ್ಣಿನಲ್ಲಿ ಓರೆಯಾಗಿ ನಿಂತಿದ್ದ ಕಡ್ಡಿಯ ಒಂದು ಫೋಟೋ ತೆಗೆದುಕೊಂಡೆ, ಅಷ್ಟೇ.

ಮೊನ್ನೆ ಪ್ರೆಸೆಂಟೇಶನ್. ನನಗಿಂತ ಮೊದಲಿನವರ ಸ್ಲೈಡ್ ತುಂಬ ಮೆಡಲ್, ಯೂನಿಫಾರ್ಮ್, ವಿಮಾನ. ನನ್ನ ಸ್ಲೈಡ್‌ನಲ್ಲಿ ಒಂದು ಗ್ರಿಲ್ ಕಡ್ಡಿ. ಯಾರೋ ಕಿಸಕ್ಕನೆ ನಕ್ಕರು. ಆದರೂ ಹೇಳುತ್ತಾ ಹೋದೆ. ಮುದುಕಿ ಹೆಜ್ಜೆ ಬಿಟ್ಟು ತಿರುಗುವ ಹೊತ್ತಿಗೆ ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

ಕ್ಲಾಸ್ ಮುಗಿದ ಮೇಲೆ ಡೇನಿಯಲ್ ಬಂದ. ನಲವತ್ತು ದಾಟಿದವನು, ಆರ್ಮಿ ಬಿಟ್ಟು ಈಗ ನಮ್ಮ ಜೊತೆ ಫಸ್ಟ್ ಇಯರ್ ಓದುತ್ತಿದ್ದಾನೆ. ಯಾವಾಗಲೂ ಬಾಗಿಲ ಪಕ್ಕದ ಸೀಟು, ಯಾರ ಜೊತೆಗೂ ಮಾತಿಲ್ಲ. ಆ ಫೋಟೋ ಮತ್ತೊಮ್ಮೆ ತೋರಿಸು ಅಂದ. ತುಂಬಾ ಹೊತ್ತು ನೋಡಿದ.

ಕಡ್ಡಿ ಚುಚ್ಚಿದ ಕೋನ ಸರಿಯಾಗಿದೆ, ಅಜ್ಜನಿಗೆ ಹೇಳು, ನಾನೂ ಇದೇ ಕೆಲಸ ಮಾಡಿದವನು ಅಂದ. ಅಷ್ಟು ಹೇಳಿ ಹೊರಟುಹೋದ.

ನಾನು ಕಾರಿಡಾರ್‌ನಿಂದಲೇ ಅಜ್ಜನಿಗೆ ಫೋನ್ ಮಾಡಿ ಡೇನಿಯಲ್ ಮಾತು ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಅಂವಗ ಮೈನ್ ಎಲ್ಲಾ ಸಿಕ್ಕಾವೇನು ಅಂತ ಕೇಳಿದಿ?"

"ಇಲ್ಲ ಅಜ್ಜ..."

"ಕೇಳು ತಂಗಿ. ನನಗ ಸಿಕ್ತು, ಅದಕ್ಕ ಹೇಳಾಕ ಬಂತು. ಸಿಗದಿದ್ದಾಂವಗ ತಾನಾಗಿ ಹೇಳಾಕ ಬರೂದಿಲ್ಲ, ಯಾರರೆ ಕೇಳಬೇಕಾಗ್ತೈತಿ."

ಆ ಶೀಟ್ ಇನ್ನೂ ನನ್ನ ಬ್ಯಾಗಿನಲ್ಲಿದೆ. ಹದಿನೈದು ಪ್ರಶ್ನೆಗಳಲ್ಲಿ ಇದೊಂದು ಇಲ್ಲ.

ಸೋಮವಾರ ಕ್ಲಾಸಿದೆ, ಡೇನಿಯಲ್ ಅದೇ ಬಾಗಿಲ ಪಕ್ಕ ಕೂತಿರುತ್ತಾನೆ... ನೀವಾಗಿದ್ದರೆ ಹೇಗೆ ಕೇಳುತ್ತಿದ್ದಿರಿ?