ರಾಣಿಯ ಕೆನ್ನೆಯ ಗೀರು

ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರಿಗೂ ನನಗೂ ಹಳೆ ನಾಣ್ಯದ ಹುಚ್ಚು. ಇಬ್ಬರ ಹತ್ತಿರವೂ ಒಂದೇ ವರ್ಷದ, ರಾಣಿ ಛಾಪಿನ ಬೆಳ್ಳಿ ರೂಪಾಯಿ ಇತ್ತು. ನನ್ನದನ್ನು ನಮ್ಮ ಆಯಿ ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ರಾಣಿಯ ಮೂಗನ್ನೇ ಸವೆಸಿದ್ದಳು. ಸಾಹೇಬರು ತಮ್ಮದನ್ನು ದುಬೈಯಲ್ಲಿದ್ದ ಅಳಿಯನ ಮೂಲಕ ಅಮೆರಿಕಕ್ಕೆ ಕಳಿಸಿ, ಪರೀಕ್ಷೆ ಮಾಡಿಸಿ, ಅಂಕ ಬರೆದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಹಾಕಿಸಿ ತರಿಸಿಕೊಂಡರು. ಎಪ್ಪತ್ತಕ್ಕೆ ಅರವತ್ತನಾಲ್ಕು. ನಾನು ಯಾವ ಪರೀಕ್ಷೆಯಲ್ಲೂ ಅದರ ಹತ್ತಿರ ಹೋದವನಲ್ಲ.

ಒಂದು ದಿನ ಕುಮಟಾದಿಂದ ಹೋದಾಗ ಸಾಹೇಬರ ಮುಖ ಸಪ್ಪಗಿತ್ತು.

"ಮಾಸ್ತರ್ರೇ, ರಾಣಿ ಕೆನ್ನೆ ಮೇಲೆ ಗೀರು ಕಾಣ್ತದೆ. ನಾಣ್ಯದ್ದೋ ಡಬ್ಬಿದೋ ನೀವೇ ನೋಡಿ ಹೇಳಿ. ನಾಣ್ಯದ್ದೇ ಆದ್ರೆ ನಂಗೆ ಬೇಡ, ಕೊಂಡ ಬೆಲೆಗೆ ನೀವೇ ಇಟ್ಕಳ್ಳಿ."

ಗೀರು ಬಿದ್ದರೂ ನನ್ನ ಮೂಗು ಸವೆದ ರಾಣಿಗಿಂತ ಅದು ಎಷ್ಟೋ ಮೇಲು. ಡಬ್ಬಿಯನ್ನು ಬಾಗಿಲ ಬೆಳಕಿಗೆ ಹಿಡಿದು ವಾಲಿಸಿದೆ. ನಾಣ್ಯದ ಗೀರಾದರೆ ಕೆನ್ನೆಯಲ್ಲೇ ನಿಲ್ಲಬೇಕು. ಇದು ಕಿವಿಗೆ ಸರಿಯಿತು. ಗೀರು ಮನಸ್ಸು ಬದಲಿಸೀತೆಂದು ಇನ್ನೊಮ್ಮೆ ವಾಲಿಸಿದೆ. ಮೂಗಿಗೆ ಸರಿಯಿತು.

"ಎಂತ ಕಂಡ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಡಬ್ಬಿ ವಾಲಿಸಿ ನೋಡಲು ಸಾಹೇಬರಿಗೂ ಕೈಗಳಿದ್ದವು.

"ಡಬ್ಬಿದು," ಎಂದೆ.

"ಅಲ್ಲಾ ಮಾಸ್ತರ್ರೇ, ಒಳ್ಳೆ ಸುದ್ದಿನೂ ಸಾವಿನ ಸುದ್ದಿ ಹಾಂಗೆ ಹೇಳ್ತೀರಲ್ಲ!" ಎಂದು ನಕ್ಕು ಸಾಹೇಬರು ಚಹಾ ತರಿಸಿದರು.

ಚಹಾಕ್ಕೆ ಸಕ್ಕರೆ ಕಡಿಮೆಯಿತ್ತು. ಅದನ್ನು ಮಾತ್ರ ನಾನು ಎರಡು ಸಲ ಹೇಳಿದೆ.