ದೇವಮ್ಮನವರ ಕಂಚಿನ ಗಿಂಡಿ

ಪವಾಡದ ಕಥೆಗಳನ್ನು ಕೇಳಿ ಮನಸ್ಸಿನಲ್ಲೇ ನಗುತ್ತಿದ್ದವನು ನಾನು. ಈಗ ನನ್ನ ಮಾತಿಗೆ ನೀವು ನಕ್ಕರೂ ಬೇಸರವಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಮೂಡುಬಿದಿರೆಯಲ್ಲಿ ಮಾಸ್ತರನಾಗಿದ್ದೆ. ಜೊತೆಗೆ ಅಲ್ಲಿನ ಸಣ್ಣದೊಂದು ವಸ್ತುಸಂಗ್ರಹಾಲಯವನ್ನೂ ನೋಡಿಕೊಳ್ಳುತ್ತಿದ್ದೆ. ಅದಕ್ಕಾಗಿ ಹಳೆಯ ಮನೆಗಳನ್ನು ಸುತ್ತುವಾಗ ಶಿರ್ತಾಡಿಯ ಜೈನರ ಮನೆಯೊಂದರಲ್ಲಿ ಆ ಗಿಂಡಿ ಕಂಡಿತು. ಕಂಚಿನದು, ನೂರಾರು ವರ್ಷ ಹಳೆಯದು. ಕೊರಳ ಸುತ್ತ ಹಂಸಗಳ ಸಾಲು, ನೀರು ಬೀಳುವ ಕೊಳವೆಗೆ ಮಕರದ ಬಾಯಿ. ಮನೆಯ ಹಿರಿಯರಾದ ದೇವಮ್ಮ ಕಾಯಿಸಿದ ನೀರನ್ನು ದಿನವೂ ಅದರಲ್ಲೇ ಕುಡಿಯುತ್ತಿದ್ದರು. ಕೊಡಲು ಅವರಿಗೆ ಮನಸ್ಸಿರಲಿಲ್ಲ. ನಾನು ಮೂರು ಸಲ ಹೋಗಿ ಕಾಡಿದೆ.

ಕೊನೆಗೆ ಅವರು, "ನನ್ನ ಕೊನೆಯ ನೀರು ಇದರಲ್ಲೇ ಆಗ್ಬೇಕು ಮಾಸ್ಟ್ರೇ. ಹೇಳಿ ಕಳಿಸಿದ್ರೆ ತರ್ತೀರಾ?" ಎಂದರು.

"ಖಂಡಿತ ತರ್ತೇನೆ," ಎಂದೆ.

ಎರಡು ವರ್ಷದ ಮೇಲೆ ಹೇಳಿ ಕಳಿಸಿದರು. ಆ ಶನಿವಾರ ಸಂಜೆ ಮಂಗಳೂರಿನಿಂದ ಅಧಿಕಾರಿಗಳು ಸಂಗ್ರಹ ನೋಡಲು ಬರುವವರಿದ್ದರು. ಗಿಂಡಿ ಬಿಟ್ಟರೆ ಹೆಮ್ಮೆಯಿಂದ ತೋರಿಸುವಂಥದ್ದು ನಮ್ಮಲ್ಲಿ ಹೆಚ್ಚೇನೂ ಇರಲಿಲ್ಲ. ಭಾನುವಾರ ತರುತ್ತೇನೆಂದು ತಿಳಿಸಿದೆ. ಶಿರ್ತಾಡಿಯೇನು ದೂರವಲ್ಲ, ಬಸ್ಸೂ ಇತ್ತು.

ಶನಿವಾರ ಮಧ್ಯಾಹ್ನ ಒಮ್ಮೆ ಒರೆಸಿಡೋಣವೆಂದು ಗಾಜಿನ ಕಪಾಟಿನ ಬೀಗ ತೆಗೆದೆ. ಗಿಂಡಿ ಭಾರವಾಗಿತ್ತು. ಒಳಗೆ ಅರ್ಧದಷ್ಟು ನೀರು. ಬೆರಳದ್ದಿ ನೋಡಿದೆ, ಉಗುರುಬೆಚ್ಚಗಿತ್ತು. ಬೀಗದ ಕೈ ಇದ್ದದ್ದು ಒಂದೇ, ಅದು ನನ್ನ ಜೇಬಿನಲ್ಲಿ. ಮೈ ಜುಮ್ಮೆಂದದ್ದು ನಿಜ. ಆದರೆ ಆ ಹೊತ್ತಿಗೆ ನನಗೆ ಅಧಿಕಾರಿಗಳ ಚಿಂತೆಯೇ ಹೆಚ್ಚಾಗಿತ್ತು. ನೀರನ್ನು ಅಂಗಳಕ್ಕೆ ಚೆಲ್ಲಿ, ಒರೆಸಿ, ಮತ್ತೆ ಕಪಾಟಿನಲ್ಲಿಟ್ಟೆ.

ಮರುದಿನ ಗಿಂಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದಾಗ ಅಂಗಳದಲ್ಲಿ ಜನ ಸೇರಿದ್ದರು. ದೇವಮ್ಮ ಹಿಂದಿನ ದಿನ ಮಧ್ಯಾಹ್ನವೇ ತೀರಿಕೊಂಡಿದ್ದರು. ಬಾಯಿಗೆ ನೀರು ಬಿಡಲು ಹೋದರೆ ಬೇಡವೆಂದು ಮುಖ ತಿರುಗಿಸಿದರಂತೆ. ಅವರ ಸೊಸೆ ಇದನ್ನು ಹೇಳುತ್ತಾ ಕಣ್ಣೊರೆಸಿಕೊಂಡರು.

"'ಈಗಷ್ಟೇ ಕುಡಿದೆ, ಮಾಸ್ಟ್ರು ಗಿಂಡಿ ತಂದಿದ್ರು' ಅಂದ್ರು ಅತ್ತೆ. ನಾನು ಒಳಗೆ ಇದ್ದೆ, ನೀವು ಬಂದು ಹೋದದ್ದು ಗೊತ್ತೇ ಆಗ್ಲಿಲ್ಲ. ದೊಡ್ಡ ಉಪಕಾರ ಆಯ್ತು."

ಆ ನೀರು ಎಲ್ಲಿಂದ ಬಂತೆಂದು ನಾನು ಎಷ್ಟೋ ಬಗೆಯಲ್ಲಿ ಯೋಚಿಸಿದ್ದೇನೆ, ಇವತ್ತಿಗೂ ಹೊಳೆದಿಲ್ಲ. ನನ್ನನ್ನು ಕಾಡುವುದು ಅದಲ್ಲ. ನಾನು ಬಂದಿರಲಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಆಕೆ ಕೈಮುಗಿದರು. ಚೀಲವನ್ನು ಬೆನ್ನ ಹಿಂದೆ ಸರಿಸಿ, ನಾನೂ ಕೈಮುಗಿದೆ.